ನೀರು ಕುಡಿಯದ ಪಾಳಿ

ಗದಗ, ಏಪ್ರಿಲ್ 27, 2025, ರವಿವಾರ

ಎರಡು ಡಜನ್ ಆಪೂಸ್ ಮಾವಿನ ಹಣ್ಣು ಕಟ್ಟಿಕೊಂಡು ಹುಬ್ಬಳ್ಳಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಚಿಗವ್ವನ ಮನೆಗೆ ಬಂದೆ. ಅಣ್ಣಿಗೇರಿ ದಾಟುವಷ್ಟರಲ್ಲಿ ಕಿಟಕಿಯ ಸರಳು ಕಾದು ಮುಟ್ಟಲಾಗುತ್ತಿರಲಿಲ್ಲ. ಹೊರಗೆ ಎರೆಹೊಲಗಳು ಬಾಯಿಬಿಟ್ಟು ಬಿದ್ದಿದ್ದವು. ಒಂದು ಕಡೆ ಹಳಿ ದುರಸ್ತಿಯ ಗ್ಯಾಂಗಿನವರು ಪಕ್ಕಕ್ಕೆ ಸರಿದು ಗಾಡಿಗೆ ದಾರಿ ಬಿಟ್ಟರು. ಏಳು ಜನರಲ್ಲಿ ಇಬ್ಬರು ಹೆಂಗಸರು. ಒಬ್ಬಾಕೆ ಸೀರೆಯ ಮೇಲೆಯೇ ಕಿತ್ತಳೆ ಜಾಕೆಟ್ ತೊಟ್ಟು, ಸೆರಗನ್ನು ತಲೆಗೆ ಸುತ್ತಿ, ಸಲಿಕೆಯ ಹಿಡಿಯ ಮೇಲೆ ಗದ್ದ ಊರಿ ನಿಂತಿದ್ದಳು.

ಇದನ್ನು ಹೇಳಿದಾಗ ಚಿಗವ್ವ ಮೊದಲು ಕೇಳಿದ್ದು, “ಅವರ ಹತ್ತಿರ ನೀರಿನ ಕ್ಯಾನ್ ಇತ್ತೇನು?” ನಾನು ನೋಡಿರಲಿಲ್ಲ.

ಚಿಗಪ್ಪ ಮೀಟರ್ ಗೇಜ್ ಕಾಲದ ಗ್ಯಾಂಗ್‌ಮನ್. ಕಾಮಾಲೆಯಿಂದ ತೀರಿಕೊಂಡ ಮೇಲೆ ಅನುಕಂಪದ ನೌಕರಿಗಾಗಿ ಚಿಗವ್ವ ಎರಡು ವರ್ಷ ಅಲೆದಳು. “ಸಹಿ ಬಾರದವಳಿಗೆ ಎಂಥ ನೌಕರಿ?” ಎಂದು ಗುಮಾಸ್ತನೊಬ್ಬ ನಕ್ಕಿದ್ದನಂತೆ. ಕೊನೆಗೆ ಗ್ಯಾಂಗಿನಲ್ಲಿಯೇ ಕೆಲಸ ಸಿಕ್ಕಿ, ಬೀಟರ್ ಎಂಬ ಗುದ್ದಲಿಯಂಥ ಹತಾರ ಹಿಡಿದು ಹಳಿಯಡಿಯ ಸ್ಲೀಪರಿನ ಕೆಳಗೆ ಖಡಿ ಬಡಿದಳು. ಆಮೇಲೆ ಲೆವೆಲ್ ಕ್ರಾಸಿಂಗಿನ ಗೇಟಿಗೆ ಹಾಕಿದರು. ಕಾಗದದಲ್ಲಿ ಆಕೆ ನಿವೃತ್ತಿಯವರೆಗೂ ‘ಗೇಟ್‌ಮನ್’ ಆಗಿಯೇ ಉಳಿದಳು!

ಗೇಟಿನ ಕೆಲಸವೆಂದರೆ ಕೋಲು ಎತ್ತಿ ಇಳಿಸುವುದು ಎಂದು ಚಿಕ್ಕಂದಿನಲ್ಲಿ ತಿಳಿದಿದ್ದೆ. ಗಾಡಿ ಬಿಡುವ ಮೊದಲು ಸ್ಟೇಷನ್ ಮಾಸ್ತರರ ಫೋನು ಬರುತ್ತದೆ. ಗೇಟು ಹಾಕಿ ಬೀಗ ಜಡಿದು, ತನ್ನ ಹಾಳೆಯಲ್ಲಿರುವ ಎರಡಂಕಿಯ ಪ್ರೈವೇಟ್ ನಂಬರನ್ನು ಅವರಿಗೆ ಓದಿ ಹೇಳಬೇಕು. ಗೇಟು ಬಿದ್ದಿದೆ ಎಂಬುದಕ್ಕೆ ಆ ಅಂಕಿಯೇ ಸಾಕ್ಷಿ. ಹೇಳಿದ ಕೂಡಲೇ ಹಾಳೆಯಲ್ಲಿ ಅದಕ್ಕೆ ಗೀಟು ಹೊಡೆದು, ವೇಳೆಯ ಸಮೇತ ರಿಜಿಸ್ಟರಿಗೆ ಏರಿಸಬೇಕು. ಒಮ್ಮೆ ಗೀಟು ಬಿದ್ದ ಅಂಕಿ ಮುಂದಿನ ಗಾಡಿಗೆ ನಡೆಯುವುದಿಲ್ಲ. ಹೀಗಾಗಿ ಚಿಗವ್ವ ಅಕ್ಷರಕ್ಕಿಂತ ಮೊದಲು ಅಂಕಿ ಕಲಿತಳು. ಇಂದಿಗೂ ಪತ್ರಿಕೆಯನ್ನು ಅಕ್ಷರ ಕೂಡಿಸಿ ಓದುತ್ತಾಳೆ, ಅಂಕಿ ಮಾತ್ರ ಮುತ್ತು ಪೋಣಿಸಿದಂತೆ ಬರೆಯುತ್ತಾಳೆ. ಹಾಲಿನವನ ಲೆಕ್ಕದ ಕ್ಯಾಲೆಂಡರ್ ನೋಡಿದರೆ ಸಾಕು.

ಹನ್ನೆರಡು ತಾಸಿನ ಪಾಳಿ. ಗೇಟಿನವರು ಕೂರುವ ಗುಮಟಿಯಲ್ಲಿ ನಲ್ಲಿಯಿಲ್ಲ, ಸಂಡಾಸಿಲ್ಲ. ಕೊಡದಲ್ಲಿ ನೀರಿದ್ದರೂ ಹೊಟ್ಟೆ ತುಂಬ ಕುಡಿಯುವಂತಿಲ್ಲ. ಕುಡಿದರೆ ಜಾಲಿಕಂಟಿಯ ಮರೆಗೆ ಹೋಗಬೇಕು, ಅಷ್ಟರಲ್ಲಿ ಫೋನು ಬಂದರೆ? “ನಾಲಿಗೆ ತೋಯಿಸುವಷ್ಟು ಕುಡಿಯುವುದು, ಅಷ್ಟೇ” ಎಂದಳು.

ಹೆಂಗಸರು ರೈಲ್ವೆಗೆ ನಿನ್ನೆ ಮೊನ್ನೆ ಬಂದವರೇನೂ ಅಲ್ಲ. ಮುಂಬೈ ಬಳಿಯ ಭೋರ್ ಘಾಟಿನ ದಾರಿ ಕಡಿಯುವ ಗುತ್ತಿಗೆ ಹಿಡಿದಿದ್ದ ಸಾಲೋಮನ್ ಟ್ರೆಡ್‌ವೆಲ್ 1859ರಲ್ಲಿ ಸತ್ತಾಗ, ಹೆಂಡತಿ ಆಲಿಸ್ ಊರಿಗೆ ಮರಳದೆ ಆ ಗುತ್ತಿಗೆಯನ್ನು ಕೈಗೆತ್ತಿಕೊಂಡಳು. ಆಕೆಯ ಹೆಸರಾದರೂ ಉಳಿಯಿತು. ದೇಶದ ತುಂಬ ದಾರಿಯ ಏರಿ ಕಟ್ಟಲು ಗಂಡಸು ಅಗೆದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಸುರಿದ ಹೆಂಗಸರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ.

ಚಿಗವ್ವನ ಮೊಮ್ಮಗಳು ಸಹಾಯಕ ಲೋಕೋ ಪೈಲಟ್, ಎಂದರೆ ಎಂಜಿನ್ ಚಾಲಕರ ಸಹಾಯಕಿ, ಗೂಡ್ಸ್ ಗಾಡಿಗಳ ಮೇಲೆ. ರಾತ್ರಿಪಾಳಿ ಮುಗಿಸಿ ಮಲಗಿದ್ದವಳು ಹನ್ನೊಂದಕ್ಕೆ ಎದ್ದು ಬಂದು, ನಿಂತ ನಿಲುವಿನಲ್ಲಿ ಒಂದು ತಂಬಿಗೆ ನೀರು ಗಟಗಟನೆ ಕುಡಿದಳು. ನಾನು ನೋಡುತ್ತಿದ್ದುದನ್ನು ಕಂಡು, “ನಿನ್ನೆಯದೂ ಸೇರಿಸಿ ಕುಡಿಯುತ್ತಿದ್ದೇನೆ, ಅತ್ತೆ” ಎಂದಳು.

ಎಂಜಿನ್ನಿಗೆ ಶೌಚಾಲಯ ಕೂಡಿಸುವ ಕೆಲಸ 2016ರಲ್ಲಿ ಶುರುವಾದದ್ದು ನನಗೆ ನೆನಪಿತ್ತು. ಇವಳ ಪಾಲಿಗೆ ಬರುವ ಎಂಜಿನ್ನುಗಳಿಗೆ ಅದಿನ್ನೂ ಬಂದಿಲ್ಲ. ಎಕ್ಸ್‌ಪ್ರೆಸ್ ಗಾಡಿಗಳಿಗೆ ದಾರಿ ಬಿಡಲೆಂದು ಗೂಡ್ಸನ್ನು ಪಕ್ಕದ ಲೂಪ್ ಲೈನಿನಲ್ಲಿ ತಾಸುಗಟ್ಟಲೆ ನಿಲ್ಲಿಸುತ್ತಾರೆ. ಆಗ ಇಳಿದು ಸ್ಟೇಷನ್ನಿಗೆ ಹೋಗಿಬರಬೇಕೆಂದರೂ ವಾಕಿಟಾಕಿಯಲ್ಲಿ ಹೇಳಬೇಕು. ಹೇಳಿದ್ದು ಆ ಸುತ್ತಿನ ಗಂಡಸರಿಗೆಲ್ಲ ಕೇಳಿಸುತ್ತದೆ. “ಸಿಗ್ನಲ್ ಕಂಡರೆ ಗಟ್ಟಿಯಾಗಿ ಕೂಗಿ ಹೇಳುವುದು ನನ್ನ ಕೆಲಸ. ಆ ಒಂದು ಮಾತು ಹೇಳಲು ಮಾತ್ರ ದನಿ ಏಳುವುದಿಲ್ಲ” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅವಳ ಮೊಬೈಲಿನ ಪರದೆಯ ಮೇಲೆ ದೇಶದ ಮೊದಲ ರೈಲು ಚಾಲಕಿ ಸುರೇಖಾ ಯಾದವ್ ಅವರ ಚಿತ್ರವಿದೆ. 1989ರಲ್ಲಿ ಸಹಾಯಕ ಚಾಲಕಿಯಾದವರು, 2023ರ ಮಾರ್ಚಿನಲ್ಲಿ ಸೊಲ್ಲಾಪುರದಿಂದ ಮುಂಬೈಗೆ ವಂದೇ ಭಾರತ್ ಓಡಿಸಿದವರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಯಾ ವರ್ಮಾ ಸಿನ್ಹಾ ರೈಲ್ವೆ ಮಂಡಳಿಯ ಅಧ್ಯಕ್ಷೆಯಾದರು. ಮಂಡಳಿ ಹುಟ್ಟಿದ್ದು 1905ರಲ್ಲಿ. ಒಬ್ಬ ಹೆಂಗಸು ಆ ಕುರ್ಚಿ ಮುಟ್ಟಲು 118 ವರ್ಷ ಹಿಡಿಯಿತು ಎಂದು ನಾನು ಉತ್ಸಾಹದಿಂದ ಲೆಕ್ಕ ಹಾಕಿ ಹೇಳಿದೆ. ಚಿಗವ್ವ ಮಾವಿನ ಹಣ್ಣು ಹೆಚ್ಚುತ್ತಲೇ, “ಆ ಬಾಯಿಯವರಾದರೂ ಎಂಜಿನ್ನಿಗೆಲ್ಲ ಒಂದೊಂದು ಸಂಡಾಸು ಮಾಡಿಸಲಿಲ್ಲವೇ?” ಎಂದಳು.

ಸಂಜೆ ನಾಲ್ಕಕ್ಕೆ ಮೊಮ್ಮಗಳಿಗೆ ಫೋನು ಬಂತು, ಆರೂವರೆಗೆ ಡ್ಯೂಟಿ. ಚಹಾ ಬೇಡ ಎಂದಳು. ಹೆಚ್ಚಿಟ್ಟ ಹಣ್ಣನ್ನೂ ಮುಟ್ಟಲಿಲ್ಲ. ಚಿಗವ್ವ ಒತ್ತಾಯ ಮಾಡದೆ ಎರಡು ಇಡೀ ಹಣ್ಣನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅವಳ ಚೀಲದ ತಳಕ್ಕೆ ಇಟ್ಟಳು. “ಡ್ಯೂಟಿ ಮುಗಿಸಿ ರನ್ನಿಂಗ್ ರೂಮ್ ಮುಟ್ಟಿದ ಮೇಲೆ ತಿನ್ನು.”