ಪೈಲ್ವಾನ್ ಅನ್ನೋದು ಎಲ್ಲಿಯ ಪದ?

ನಮ್ಮ ತಾತ ಮೈಸೂರಿನ ಗರಡಿಯೊಂದರಲ್ಲಿ ಮೈಗೆ ಮಣ್ಣು ಮೆತ್ತಿಕೊಂಡು ಬೆಳೆದವರು. ಅದು ಗೊತ್ತಿರುವವರೆಲ್ಲ ನನ್ನನ್ನು ಒಂದಲ್ಲ ಒಂದು ದಿನ ಕೇಳುತ್ತಾರೆ: "ಪೈಲ್ವಾನ್ ಅನ್ನೋ ಪದ ಎಲ್ಲಿಂದ ಬಂತು? ಬಲವಾನ್, ಧನವಾನ್ ಇದ್ದ ಹಾಗೆ ಸಂಸ್ಕೃತದ್ದೇ ಅಲ್ವಾ?"

ಅಲ್ಲ. ಕೊನೆಯ 'ವಾನ್' ನೋಡಿ ಹಾಗನ್ನಿಸುತ್ತದೆ ಅಷ್ಟೆ. ಇದು ಇರಾನಿನ ಭಾಷೆಯಾದ ಪಾರ್ಸಿಯ 'ಪಹ್ಲವಾನ್'. ಅದನ್ನು ಬಿಡಿಸಬೇಕಾದ್ದು 'ಪಹ್ಲವ್', 'ಆನ್' ಎಂದು. ಪಹ್ಲವ್ ಅನ್ನುವುದು ಒಂದು ಸೀಮೆಯ, ಅಲ್ಲಿನ ಜನದ ಹೆಸರು. ಇರಾನಿನ ಈಶಾನ್ಯದಲ್ಲಿದ್ದ ಪಾರ್ಥಿಯಾ. ಹಳೆಯ ಇರಾನಿನ ದರಾಯಸ್ ದೊರೆ ಬೆಹಿಸ್ತೂನ್ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಅದು 'ಪಾರ್ಥವ'. ಜನರ ಬಾಯಲ್ಲಿ ಸವೆದೂ ಸವೆದೂ ಪಹ್ಲವ್ ಆಯಿತು. ನಮ್ಮ ಮಹಾಭಾರತದಲ್ಲಿ ಶಕರು, ಯವನರ ಜೊತೆ ಬರುವ ಪಹ್ಲವರು ಇವರೇ. ಕುದುರೆ ಓಡಿಸುತ್ತಲೇ ಹಿಂದಕ್ಕೆ ತಿರುಗಿ ಬಾಣ ಬಿಡುತ್ತಿದ್ದ ಜನ. ರೋಮಿನ ಸೈನ್ಯಕ್ಕೇ ಸೋಲು ತೋರಿಸಿದವರು. ಅಂಥವರ ಹೆಸರೇ ಮುಂದೆ 'ವೀರ' ಅನ್ನುವ ಅರ್ಥಕ್ಕೆ ನಿಂತಿತು.

ಸುಮಾರು 1010ರಲ್ಲಿ ಕವಿ ಫಿರ್ದೌಸಿ ಮುಗಿಸಿದ ಪಾರ್ಸಿ ಮಹಾಕಾವ್ಯ ಶಾಹನಾಮೆಯಲ್ಲಿ ಎಲ್ಲರಿಗಿಂತ ದೊಡ್ಡ ಪಹ್ಲವಾನ್ ರುಸ್ತುಂ. ಅವನು ಗದೆ ಹಿಡಿದು ಕುದುರೆ ಏರುವ ಯೋಧ. ಮಗ ಸೊಹ್ರಾಬನ ಜೊತೆ ಕುಸ್ತಿಯನ್ನೂ ಹಿಡಿಯುತ್ತಾನೆ, ತನ್ನ ಮಗ ಅಂತ ತಿಳಿಯದೆ. ಯೋಧ ಅನ್ನುವ ಅರ್ಥ ಕಾಲ ಕಳೆದಂತೆ ಕುಸ್ತಿಪಟುವಿಗೆ ಇಳಿಯಿತು. ಟರ್ಕಿಯ ಎಡಿರ್ನೆಯಲ್ಲಿ ಮೈಗೆ ಎಣ್ಣೆ ಸುರಿದುಕೊಂಡು ಸೆಣಸುವವರೂ 'ಪೆಹ್ಲಿವಾನ್'ಗಳೇ. 1910ರಲ್ಲಿ ಲಂಡನ್ನಿಗೆ ಹೋಗಿ ಹೆಸರು ಮಾಡಿದ ನಮ್ಮ ಗಾಮಾ ಪೈಲ್ವಾನರ ಬಿರುದು ನೆನಪಿದೆಯಾ? ರುಸ್ತುಂ-ಎ-ಹಿಂದ್. ಅದೇ ರುಸ್ತುಂ.

ಕನ್ನಡಕ್ಕೆ ಇದು ಬಂದ ದಾರಿ ಊಹಿಸೋದು ಕಷ್ಟವಲ್ಲ. ಬಹಮನಿ, ಆದಿಲ್‌ಶಾಹಿ ದರ್ಬಾರುಗಳಲ್ಲಿ ಪಾರ್ಸಿ ನಡೆಯುತ್ತಿತ್ತು. ಸುತ್ತ ದಖನಿ, ಮರಾಠಿ ಇದ್ದವು. ನಡುವಿನ 'ಹ' ಕರಗಿ 'ಪೈ' ಆಯಿತು. ಪೈಲ್ವಾನ್ ಒಂಟಿಯಾಗಿಯೂ ಬರಲಿಲ್ಲ. ಗರಡಿಯ ಗುರುವನ್ನು ಕರೆಯುವ ಉಸ್ತಾದ್ ಪಾರ್ಸಿಯದು. ತಾಲೀಮು ಅರಬ್ಬಿಯದು, ಮೂಲದಲ್ಲಿ 'ಕಲಿಸುವುದು' ಎಂದು ಅರ್ಥ. ಬೆಳಗಾವಿ ಕಡೆ ಹುಡುಗರು ಕುಸ್ತಿಗೆ ತಾಲೀಮು ಮಾಡಿದರೆ, ನಾಟಕದವರು ರಂಗಕ್ಕೆ ಏರುವ ಮೊದಲು ತಾಲೀಮು ಮಾಡುತ್ತಾರೆ. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಪದದ ಮೂಲಕ್ಕಿಂತ ಅದರ ಮರ್ಯಾದೆಯ ಬಗ್ಗೆ ನನಗೆ ಕಾಳಜಿ ಜಾಸ್ತಿ. ಈಗ ಯಾರಾದರೂ ಬೀದಿಯಲ್ಲಿ ಕೈ ಮಾಡಿದರೆ "ದೊಡ್ಡ ಪೈಲ್ವಾನ್ ಆಗಿದ್ದಾನೆ" ಅನ್ನುತ್ತೇವೆ. ಕೇಳಿದರೆ ಬೇಜಾರಾಗುತ್ತದೆ. ಗರಡಿಯ ಹೊರಗೆ ಕೈ ಎತ್ತಿದ ಹುಡುಗನನ್ನು ಉಸ್ತಾದರು ಮಾರನೇ ದಿನ ಮಣ್ಣಿಗೆ ಇಳಿಯಲು ಬಿಡುತ್ತಿರಲಿಲ್ಲ ಅಂತ ತಾತ ಹೇಳುತ್ತಿದ್ದರು. ಇರಾನಿನಲ್ಲೂ ಹಾಗೇ. 1956ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಘೊಲಾಮ್‌ರೆಝಾ ತಖ್ತಿಯನ್ನು ಅಲ್ಲಿನ ಜನ 'ಜಹಾನ್ ಪಹ್ಲವಾನ್' ಅಂದರು. ಜಗತ್ತಿನ ಪೈಲ್ವಾನ್. ಚಿನ್ನವೊಂದೇ ಕಾರಣವಲ್ಲ. ಎದುರಾಳಿ ಮೆಡ್ವೆಡ್‌ನ ಮಂಡಿಗೆ ಪೆಟ್ಟಾಗಿದೆ ಅಂತ ತಿಳಿದು ಆ ಕಾಲಿನ ತಂಟೆಗೇ ಹೋಗಲಿಲ್ಲ ಅನ್ನುವ ಕತೆ ಅಲ್ಲಿ ಮನೆಮಾತು. 1962ರಲ್ಲಿ ಬೂಯಿನ್ ಝಹ್ರಾದಲ್ಲಿ ಭೂಕಂಪವಾದಾಗ ಟೆಹರಾನಿನ ಬೀದಿಗಳಲ್ಲಿ ನಡೆದು ಸಂತ್ರಸ್ತರಿಗಾಗಿ ಜನರ ಮುಂದೆ ಕೈಯೊಡ್ಡಿದರು. ಅಷ್ಟು ಬಲದ ಮನುಷ್ಯ ಬೇರೆಯವರಿಗೋಸ್ಕರ ಬೇಡಿದ್ದು ನೋಡಿ. ತಾತ ಪೈಲ್ವಾನ್ ಅಂದಾಗ ಅವರ ದನಿಯಲ್ಲಿ ಇದ್ದದ್ದೂ ಈ ಅರ್ಥವೇ.

ಹಾಗಾದರೆ ಇದಕ್ಕೆ ಮೊದಲು ನಾವು ಏನನ್ನುತ್ತಿದ್ದೆವು? ಇದನ್ನೂ ಕೇಳುತ್ತಾರೆ. ಮಲ್ಲ ಇತ್ತು, ಜೆಟ್ಟಿ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮಲ್ಲರಿಗೆಂದೇ ಒಂದು ಭಾಗವಿದೆ. ಅಲ್ಲಿ ಮೇಲಿನ ದರ್ಜೆಯವರ ಹೆಸರು 'ಜ್ಯೇಷ್ಠಿಕ'. ಜೆಟ್ಟಿಯ ಬೇರು ಅಲ್ಲೇ. ಮೈಸೂರಿನ ಅರಮನೆ ಅಂಗಳದಲ್ಲಿ ವಿಜಯದಶಮಿಯ ದಿನ, ಮುಷ್ಟಿಯಲ್ಲಿ ಮೊನಚಾದ ಆಯುಧ ಹಿಡಿದು ಸೆಣಸುವ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವವರು ಇವತ್ತಿಗೂ ಜೆಟ್ಟಿಗಳು. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯುತ್ತದೆ.

ಮಾತಿನಲ್ಲಿ ಪೈಲ್ವಾನ್ ಗೆದ್ದ, ಗಾದೆಯಲ್ಲಿ ಗೆಲ್ಲಲಿಲ್ಲ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗದವನು ಇನ್ನೂ ಜೆಟ್ಟಿಯೇ.