ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತಿದ್ದರೆ

ಹೋದ ವಾರ ಒಂದು ಕಥೆ ಓದಿ ರೆಕಾರ್ಡ್ ಮಾಡಿದೆ. ಒಂದೂವರೆ ಗಂಟೆ. ಹೆಡ್‌ಫೋನ್ ಹಾಕಿ ಕೇಳಿದರೆ ಪ್ರತಿ ಪದಕ್ಕೂ ಒಂದು ಬಾಲ, ಬಾವಿಯೊಳಗೆ ಕೂತು ಓದಿದ ಹಾಗೆ. ತುಂಬಾ ಬೇಜಾರಾಯಿತು.

ಫ್ಯಾನ್ ಸದ್ದಾಗಿದ್ದರೆ ಆಮೇಲೆ ತೆಗೆಯಬಹುದಿತ್ತು, ಅದು ಒಂದೇ ಸಮನೆ ಬರುವ ಬೇರೆ ಸದ್ದು. ಈ ಬಾಲ, ಅಂದರೆ ರಿವರ್ಬ್, ಹಾಗಲ್ಲ. ಅದು ನಮ್ಮದೇ ದನಿ, ಗೋಡೆಗೆ, ಚಾವಣಿಗೆ, ನೆಲಕ್ಕೆ ಬಡಿದು ಚೂರು ತಡವಾಗಿ ಮೈಕ್ ಸೇರಿದ್ದು. ಅದನ್ನು ಆಮೇಲೆ ಕಡಿಮೆ ಮಾಡುವ ಸಾಫ್ಟ್‌ವೇರ್, ಡಿ-ರಿವರ್ಬ್ ಪ್ಲಗಿನ್, ಸ್ವಲ್ಪ ಹಾಕಿದರೆ ಪರವಾಗಿಲ್ಲ, ಜಾಸ್ತಿ ಮಾಡಿದರೆ ಪದಗಳ ಕೊನೆಯೇ ಮಾಯ.

ಹಾಗಾಗಿ ಮೊದಲು ನೋಡಬೇಕಾದ್ದು ಮೈಕ್ ಎಷ್ಟು ದೂರ ಇದೆ ಅನ್ನೋದು. ಬಾಯಿಂದ ನೇರ ಬರುವ ದನಿ ದೂರ ಇಮ್ಮಡಿಯಾದಾಗೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಆದರೆ ಗೋಡೆಗಳಿಂದ ವಾಪಸ್ ಬಂದ ದನಿ ಕೋಣೆ ತುಂಬಾ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ನನ್ನ ಮೈಕ್ ಒಂದು ಮಾರು ದೂರ ಇತ್ತು. ಒಂದು ಗೇಣಿಗೆ ತಂದು ಗೈನ್ (ಮೈಕ್ ಹಿಡಿದ ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ) ಇಳಿಸಿದೆ, ಬಾಲ ಬಹುಪಾಲು ಹೋಯಿತು. ಮೈಕ್ ಇದ್ದಲ್ಲೇ ಇಟ್ಟು ಸುಮ್ನೆ ಗೈನ್ ಇಳಿಸಿದರೆ ಉಪಯೋಗವಿಲ್ಲ, ಎರಡೂ ಒಟ್ಟಿಗೆ ಇಳಿಯುತ್ತವೆ ಅಲ್ವಾ. ಹತ್ತಿರ ಬಂದಾಗ ‘ಪ’, ‘ಬ’ ಅನ್ನುವಾಗಿನ ಗಾಳಿ ಬಡಿಯದಂತೆ ಮೈಕ್ ಸ್ವಲ್ಪ ಓರೆಯಾಗಿರಲಿ.

ಆಮೇಲೆ ಕೋಣೆ. ಹಾರ್ವರ್ಡ್‌ನಲ್ಲಿ ಒಂದು ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಜಾಸ್ತಿ ಉಳಿಯುತ್ತಿತ್ತಂತೆ. 1895ರಲ್ಲಿ ಅಲ್ಲಿನ ಭೌತಶಾಸ್ತ್ರಜ್ಞ ವಾಲೇಸ್ ಸಬೀನ್ ಅದನ್ನು ಸರಿ ಮಾಡಲು ಹೊರಟು, ಇನ್ನೊಂದು ಸಭಾಂಗಣದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ ಎಷ್ಟು ಮೆತ್ತೆಗೆ ದನಿಯ ಬಾಲ ಎಷ್ಟು ಕಡಿಮೆಯಾಗುತ್ತದೆ ಅಂತ ಅಳೆದರು. ನನಗೆ ಆ ಮೆತ್ತೆಗಳು ತುಂಬಾ ಇಷ್ಟ. ಮನೆಯ ರಜಾಯಿ ಮಾಡುವುದೂ ಅದೇ ಕೆಲಸ. ತೆಳು ಫೋಮ್ ಮಾತ್ರ ನಂಬಬೇಡಿ, ಅದು ‘ಸ’, ‘ಶ’ದಂಥ ಚೂಪು ದನಿಯನ್ನಷ್ಟೇ ಹೀರಿ ಕೆಳಗಿನ ಗುಂಯ್ ಅನ್ನುವುದನ್ನು ಹಾಗೇ ಬಿಡುತ್ತದೆ. ಮೊಟ್ಟೆ ಟ್ರೇ ಅಂತೂ ಬೇಡವೇ ಬೇಡ.

ನಾನು ಮಾಡಿದ ತಪ್ಪು ಇನ್ನೊಂದು: ರಜಾಯಿಯನ್ನು ಮೈಕ್ ಹಿಂದೆ ಕಟ್ಟಿದ್ದೆ. ನನ್ನದು ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್, ಅದಕ್ಕೆ ಹಿಂದಿನದು ಹೇಗೂ ಕಡಿಮೆ ಕೇಳಿಸುತ್ತದೆ. ಅದು ನೋಡುವುದು ನನ್ನನ್ನು, ನನ್ನ ಬೆನ್ನ ಹಿಂದಿನ ಗೋಡೆಯನ್ನು. ರಜಾಯಿಯನ್ನು ಅಲ್ಲಿಗೆ, ಗೋಡೆಯಿಂದ ಒಂದು ಗೇಣು ಮುಂದೆ ತೂಗುಹಾಕಿದೆ. ಕೋಣೆ ಮಧ್ಯೆ ನಿಂತು ಚಪ್ಪಾಳೆ ತಟ್ಟಿದೆ. ಮೊದಲಿದ್ದ ಆ ‘ಟ್ರ್ರ್ರ್’ ಇಲ್ಲ, ಬರೀ ‘ಟಪ್’.

ಕಥೆಯನ್ನು ಮೊದಲಿಂದ ಮತ್ತೆ ಓದುತ್ತಿದ್ದೇನೆ. ನಲವತ್ತು ನಿಮಿಷ ಆಗಿದೆ.