ಚರ್ನಿ ರೋಡಿನ ಒಪೇರಾ ಹೌಸ್

ಮುಂಬೈಗೆ ಬಂದ ನೆಂಟರಿಗೆ ಗೇಟ್‌ವೇ ತೋರಿಸಿ ಸಾಕಾಗಿದ್ದರೆ, ಒಮ್ಮೆ ಚರ್ನಿ ರೋಡ್ ಕಡೆಗೆ ಕರ್ಕೊಂಡು ಹೋಗಿ ರಾಯಲ್ ಒಪೇರಾ ಹೌಸ್ ತೋರಿಸಿ. 1911ರಲ್ಲಿ ಐದನೇ ಜಾರ್ಜ್ ದೊರೆ ಉದ್ಘಾಟಿಸಿದಾಗ ಕಟ್ಟಡದ ಕೆಲಸ ಇನ್ನೂ ಮುಗಿದೇ ಇರಲಿಲ್ಲ. (ನಮಗೇನೂ ಇದು ಹೊಸದಲ್ಲ ಬಿಡಿ!) ಒಪೇರಾ (ಪಾಶ್ಚಾತ್ಯರ ಸಂಗೀತ ನಾಟಕ), ನಾಟಕ ಎಲ್ಲ ಆಗಿ 1935ರಲ್ಲಿ ಪೂರ್ತಿ ಟಾಕೀಸಾಯಿತು. 1952ರಲ್ಲಿ ಗುಜರಾತಿನ ಗೊಂಡಲ್ ರಾಜಮನೆತನದ ಕೈಗೆ ಬಂತು. 1993ರಲ್ಲಿ ಜನವಿಲ್ಲದೆ ಬೀಗ ಬಿತ್ತು.

ಮತ್ತೆ ತೆರೆದದ್ದು 2016ರಲ್ಲಿ, ಹಳೇ ಕಟ್ಟಡಗಳಿಗೆ ಮರುಜೀವ ಕೊಡುವ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ತಂಡದ ಕೈಚಳಕದಿಂದ. ಗೋಡೆಯ ಬಣ್ಣವನ್ನು ಪದರ ಪದರವಾಗಿ ಕೆರೆದು ಮೊದಲಿನ ಬಣ್ಣ ಹುಡುಕಿದರು. ಸಿನಿಮಾಕ್ಕಾಗಿ ಕಿತ್ತು ಹಾಕಿದ್ದ ಬಾಕ್ಸ್‌ಗಳನ್ನು (ಕೆಲವೇ ಜನ ಪ್ರತ್ಯೇಕವಾಗಿ ಕೂತು ನೋಡುವ ಗೂಡುಗಳು) ಹಳೇ ಫೋಟೊ ನೋಡಿ ಮತ್ತೆ ಕಟ್ಟಿದರು. ತಲೆಯೆತ್ತಿದರೆ ಕವಿಗಳನ್ನೂ ನಾಟಕಕಾರರನ್ನೂ ನೆನೆಯುವ ಬಣ್ಣದ ಗುಮ್ಮಟ. ಮುಂಬೈನ ಹಳೇ ವ್ಯಾಪಾರಿ ಕುಟುಂಬವಾದ ಸಸೂನ್ ಮನೆತನ ಕೊಟ್ಟ ತೂಗುದೀಪಗಳೂ ಉಳಿದಿವೆ. 2017ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಬರಲೇಬೇಕಿತ್ತು.

ಆದ್ರೆ ಒಂದು ಸಣ್ಣ ತಕರಾರು. ಉಳಿದದ್ದು ಒಪೇರಾ, ಅಳಿಸಿಹೋದದ್ದು ಟಾಕೀಸು, ಅಲ್ವಾ? ಅಷ್ಟು ವರ್ಷ ಜನ ಶಿಳ್ಳೆ ಹೊಡೆದದ್ದು ಸಿನಿಮಾಕ್ಕೆ. ಆ ಕಾಲದ ಗುರುತು ಈಗ ಅಲ್ಲಿ ಕಮ್ಮಿ. ನಮ್ಮೂರುಗಳ ಟಾಕೀಸಿಗಂತೂ ರಾಜರೂ ಇಲ್ಲ, ಯುನೆಸ್ಕೊನೂ ಇಲ್ಲ. ಸುಮ್ನೆ ಕಲ್ಯಾಣ ಮಂಟಪವೋ ಗೋಡೌನೋ ಆಗಿಬಿಡುತ್ತವೆ.

ನಿಮ್ಮೂರ ಟಾಕೀಸಿನ ಗಾಂಧಿ ಕ್ಲಾಸ್ ಟಿಕೆಟ್ ಯಾರ ಹತ್ತಿರವಾದರೂ ಇದ್ರೆ ಫೋಟೊ ಹಾಕಿ. ಅರ್ಧ ಹರಿದದ್ದಾದ್ರೂ ಪರವಾಗಿಲ್ಲ.